ಪೊನ್ನಮ್ಮ ಒಡೆಯದ ಕೊಡ

ಮಣ್ಣಿನ ಕೊಡ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಮೊನ್ನೆ ಬಂಗಾರಪೇಟೆ ಸಂತೆಯಲ್ಲಿ ಹಾಗೆ ತಟ್ಟಿದೆ. ಆ ಸದ್ದಿಗೆ ಅಣ್ಣ ನೆನಪಾದ.

ಅಣ್ಣ ಮೈಸೂರು ಮೈನ್ಸಿನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದ. ಮೇಲೆ ಬಂದರೆ ಕೈಯಲ್ಲಿ ನೂಲುವ ತಕಲಿ, ಬಾಯಲ್ಲಿ ಅಹಿಂಸೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು; ಅಹಿಂಸೆ ಎಂದರೆ ಕೋಳಿಸಾರು ಬಿಡುವುದೆಂದು ತಿಳಿದು ಬಹಳ ದಿನ ಹೆದರಿಕೊಂಡಿದ್ದೆ.

ಭಾಷೆಯ ಲೆಕ್ಕದಲ್ಲಿ ರಾಜ್ಯಗಳಾದ ಹೊಸತು. ಗಣಿಯವರ ಸಾಲುಮನೆಗಳಲ್ಲಿ ನಮ್ಮ ಲೈನಿಗೂ ಎದುರಿನ ತಮಿಳರ ಲೈನಿಗೂ ಸೇರಿ ಒಂದೇ ನಲ್ಲಿ, ದಿನವೂ ಜಗಳ. ಅಣ್ಣ ಒಂದು ಕಟ್ಟಳೆ ತಂದ: ಯಾರೂ ತಮ್ಮ ಕೊಡ ತಾವು ತುಂಬಬಾರದು. ಅವರದು ನಾವು, ನಮ್ಮದು ಅವರು.

"ದೇಶ ಕಟ್ಟೋದು ಇಲ್ಲಿಂದ್ಲೇ ಕಣೇ," ಎನ್ನುತ್ತಿದ್ದ.

"ಅಂಗಾದ್ರೆ ದೇಶ ಕಟ್ಟೋವರ್ಗೂ ಸಾರಿಗೆ ನೀರಿಲ್ಲ ಬಿಡು," ಎನ್ನುತ್ತಿದ್ದೆ.

ನಗಬೇಡಿ, ಒಂದು ತಿಂಗಳು ನಲ್ಲಿಯ ಬಳಿ ಬೈಗುಳ ಕೇಳಲಿಲ್ಲ.

ನನ್ನ ಜೋಡಿ ಎದುರು ಲೈನಿನ ಪೊನ್ನಮ್ಮ. ನಿಧಾನದ ಹೆಂಗಸು. ಒಂದು ಬೆಳಿಗ್ಗೆ ತಾಳ್ಮೆಗೆಟ್ಟು ಅವಳ ಕೈಯಿಂದ ನಮ್ಮ ಕೊಡ ಕಿತ್ತುಕೊಂಡೆ. ನನ್ನ ಕೈಯಿಂದ ಜಾರಿ ಕಲ್ಲಿಗೆ ಬಿದ್ದು ಒಡೆಯಿತು. ಸದ್ದಿಗೆ ಜನ ಓಡಿಬಂದರು. "ಇವ್ಳೇ ಬೇಕಂತ ಎತ್ತಾಕಿದ್ಲು," ಎಂದುಬಿಟ್ಟೆ. ಎರಡೂ ಲೈನಿನಿಂದ ದೊಣ್ಣೆಗಳು ಹೊರಬಂದವು.

ಅಣ್ಣ ನಡುವೆ ಬಂದು ಕೂತ. "ಒಡೆದೋರು ಒಪ್ಕಳೋವರ್ಗೂ ನಾನು ಉಣ್ಣಲ್ಲ."

ಎರಡು ದಿನ ತಕಲಿ ತಿರುಗಿಸುತ್ತ ಅಲ್ಲೇ ಇದ್ದ. ನಾನು ಮನೆಯಲ್ಲಿ ಮುದ್ದೆ ಮಾಡಿದೆ, ಕೂತು ಉಂಡೂಬಿಟ್ಟೆ. ಅದಕ್ಕೆ ತೆರೆದ ಬಾಯಿ ಒಂದು ಮಾತಿಗೆ ತೆರೆಯಲಿಲ್ಲ.

ಮೂರನೇ ದಿನ ಪೊನ್ನಮ್ಮ ರಾಗಿ ಗಂಜಿ ತಂದಳು. "ನಾನ್ ದಾ ಒಡ್ದಿದ್ದು ತಂಬಿ. ಕುಡಿ ಸಾಮಿ." ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಣ್ಣ ಕುಡಿದ. ದೊಣ್ಣೆಗಳು ಒಳಗೆ ಹೋದವು.

"ನೋಡಿದ್ಯೇನೇ?" ಎಂದ ಮನೆಗೆ ಬಂದು. "ತಪ್ಪು ಒಪ್ಕಳಕ್ಕೆ ಎಷ್ಟು ದೊಡ್ಡ ಮನಸು ಬೇಕು!"

ಸಾಯುವವರೆಗೂ ಆಂಡರ್ಸನ್‌ಪೇಟೆ, ಬೂದಿಕೋಟೆ ಎಂದು ಹೋದಲ್ಲೆಲ್ಲ ಅದೇ ಕಥೆ ಹೇಳಿದ. ಸಭೆಯ ಮುಂದಿನ ಸಾಲಿನಲ್ಲಿ ಕೂತು ನಾನೂ ಕೇಳಿದ್ದೇನೆ. ಅವನ ಅಹಿಂಸೆ ಗೆದ್ದದ್ದು ನಿಜ. ಅದನ್ನು ಗೆಲ್ಲಿಸಲು ಪೊನ್ನಮ್ಮ ಏನು ಹೊತ್ತಳೆಂಬುದು ಮಾತ್ರ ಅವನಿಗೆ ಗೊತ್ತಾಗಲಿಲ್ಲ, ಅವಳನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ.

ಸಂತೆಯ ಕುಂಬಾರ ಕೊಡ ಕೊಡುತ್ತ, "ದಾರೀಲಿ ಒಡೆದ್ರೆ ನನ್ನ ಕೇಳ್ಬೇಡಿ ಅಜ್ಜಿ," ಎಂದ.

"ಒಡೆದ್ರೆ ನಾನೇ ಒಡ್ದೆ ಅಂತ ಏಳ್ತೀನಿ ಬಿಡಪ್ಪಾ," ಎಂದೆ.

ಇಷ್ಟು ಹೇಳುವುದಕ್ಕೆ ನನಗೆ ಮುದುಕಿಯಾಗಬೇಕಾಯಿತು.