ರಾಗಿ ಸರಿ ಮತ್ತು ಜನಸಂಖ್ಯೆ

ಆರು ತಿಂಗಳ ಕೂಸಿಗೆ ಮೊದಮೊದಲು ರಾಗಿ ಸರಿ ತಿನ್ನಿಸುವಾಗ ಅರ್ಧ ಅದರ ಹೊಟ್ಟೆಗೂ ಇನ್ನರ್ಧ ತಿನ್ನಿಸುವವರ ಅಂಗಿಗೂ ಸಲ್ಲುತ್ತದೆಂಬುದನ್ನು ನೀವೂ ಬಲ್ಲಿರಿ. ಹೋದ ತಿಂಗಳು ಚನ್ನಗಿರಿಯ ನಮ್ಮ ಮನೆಯಲ್ಲಿ ಆ ಅಂಗಿ ನನ್ನದಾಗಿತ್ತು. ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಶ್ರೋತೃಗಳ ಅಭಾವದಿಂದ ಬಳಲುತ್ತಿರುವ ನಾನು ಮೊಮ್ಮಗಳನ್ನೇ ಒಂದು ತರಗತಿಯೆಂದು ಭಾವಿಸಿ ಪಾಠ ಶುರುಮಾಡಿದೆ: ಗೆಡ್ಡೆಗೆಣಸು, ಬೇಟೆಯ ಮಾಂಸ ತಿಂದು ಅಲೆಯುತ್ತಿದ್ದ ಆದಿಮಾನವರ ಕೂಸುಗಳು ವರ್ಷಗಟ್ಟಲೆ ಎದೆಹಾಲನ್ನೇ ನೆಚ್ಚಿದ್ದವು, ಧಾನ್ಯ ಬೆಳೆದು, ಬೀಸಿ, ಗಂಜಿ ಕಾಯಿಸಲು ಕಲಿತ ಮೇಲೆ ಬೇಗ ಹಾಲು ಬಿಡಿಸುವುದು ಸಾಧ್ಯವಾಯಿತು, ತಾಯಿ ಬೇಗ ಮತ್ತೆ ಬಸುರಾದಳು, ಜನಸಂಖ್ಯೆ ಬೆಳೆಯಿತು ಎಂದು ವಿದ್ವಾಂಸರ ಊಹೆ.

ಮೊಮ್ಮಗಳು ಗುಳ್ಳೆ ಬಿಟ್ಟು ಸಮ್ಮತಿಸಿದಳು. ಗೋಡೆಗೊರಗಿ ಕೂತಿದ್ದ ನನ್ನ ಅವ್ವ, ಎಂಬತ್ತೈದು ದಾಟಿದವಳು, ತಲೆಯೆತ್ತಿದಳು.

"ಹಂಗೆ ಬಸುರಾದ ತಾಯಿ ಏನಾದ್ಲು ಅಂತ ಬರ್ದಾರೇನಪ್ಪ ಅದ್ರಾಗೆ?"

"ಇಲ್ಲವ್ವ," ಎಂದೆ ತಬ್ಬಿಬ್ಬಾಗಿ.

"ನಿನಗೆ ಐದು ತಿಂಗಳಿಗೇ ಸರಿ ಹಾಕಿದ್ವಿ. ನಾನು ಗದ್ದೆಗೆ ಹೋಗ್ಬೇಕಿತ್ತು. ನಿನಗೆ ವರ್ಷ ತುಂಬೋದ್ರಾಗೆ ಇನ್ನೊಂದು ನಿಂತಿತ್ತು. ನನ್ನ ಮೈಯಾಗೆ ಏನೂ ಉಳಿದಿರ್ಲಿಲ್ಲ. ಹೆಣ್ಣು ಕೂಸು. ಒಂಬತ್ತು ದಿನ ಇತ್ತು."

ನನ್ನ ಬೆನ್ನಿಗೆ ಬಿದ್ದ ತಂಗಿಯೊಬ್ಬಳಿದ್ದಳೆಂದು ಅರವತ್ತು ದಾಟಿದ ಮೇಲೆ ತಿಳಿಯಿತು. ಅವಳ ಹೆಸರೇನೆಂದು ಕೇಳಿದೆ.

"ತೊಟ್ಟಿಲಿಗೆ ಹಾಕೋ ಮುಂಚೆನೇ ಹೋತಲ್ಲಪ್ಪ. ನನ್ನ ತವರು ಸಾಸ್ವೆಹಳ್ಳಿ ಹೊಳೆ ದಂಡೆಯಾಗೆ ಮಣ್ಣು ಮಾಡಿದ್ರಂತೆ. ಬಾಣಂತಿ ಹೊರಗೆ ಬರಂಗಿಲ್ಲ ಅಂದ್ರು. ನಾನು ನೋಡ್ಲಿಲ್ಲ."

ಎಷ್ಟು ವರ್ಷ 'ಜನಸಂಖ್ಯೆ ಬೆಳೆಯಿತು' ಎಂಬ ವಾಕ್ಯವನ್ನು ಉಸಿರು ಕೂಡ ತಡೆಯದೆ ಹೇಳಿದ್ದೆನೋ! ಅದರೊಳಗೆ ಎಣಿಕೆಗೆ ಸಿಗದೆ ಹೋದವರಿದ್ದಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಹೋಗಾಣೇನವ್ವ?" ಎಂದೆ. ಅವಳು ಆಗಲೇ ಎದ್ದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೋದೆವು. ತುಂಗಭದ್ರೆಯ ದಂಡೆಯುದ್ದಕ್ಕೂ ಈಗ ಭತ್ತದ ಗದ್ದೆ. ಗುರುತು ಹೇಳಬಲ್ಲ ಹಿರಿಯರು ಯಾರೂ ಉಳಿದಿರಲಿಲ್ಲ. ಅವ್ವ ನನ್ನ ಕೈಬಿಟ್ಟು ಬದುವಿನ ಮೇಲೆ ಒಬ್ಬಳೇ ಸ್ವಲ್ಪ ದೂರ ನಡೆದಳು. ನಾಟಿ ಹಾಕುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ಕೇಳಿದಳು:

"ಯಾರನ್ನ ಹುಡುಕಾಕೆ ಬಂದೀರಿ, ಅಜ್ಜಿ?"

"ನನ್ನ ಮಗಳ್ನ, ತಾಯಿ. ಇಲ್ಲೇ ಎಲ್ಲೋ ಮಣ್ಣಾಗೆ ಇಟ್ಟಿದ್ರಂತೆ. ಒಂಬತ್ತು ದಿನದ್ದು."

ಆ ಹೆಂಗಸು ಕೈಯಲ್ಲಿದ್ದ ಸಸಿಯ ಕಟ್ಟನ್ನು ಕೆಳಗಿಟ್ಟು, ಕೆಸರು ತೊಳೆದುಕೊಂಡು ಬಂದು, ಅವ್ವನ ಪಕ್ಕದಲ್ಲಿ ಬದುವಿನ ಮೇಲೆ ಕೂತಳು.