ಚುಕ್ಕಿಯ ಮಧ್ಯಾಹ್ನದ ಹಿಂಡಿ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಕೊಟ್ಟಿಗೆಯ ಬಾಗಿಲು ಬೀದಿಯ ಕಡೆಗಿತ್ತೋ ಹಿತ್ತಿಲ ಕಡೆಗೋ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಎರಡು ಚಿತ್ರಗಳಿವೆ, ಎರಡೂ ಅಷ್ಟೇ ಸ್ಪಷ್ಟ. ನನಗೆ ಅನುಮಾನ ಹುಟ್ಟಿಸುವುದೂ ಅದೇ. ಆದರೆ ನೆನೆದ ಕಡಲೆಕಾಯಿ ಹಿಂಡಿಯ ವಾಸನೆ ತಪ್ಪುವಂಥದ್ದಲ್ಲ. ಮೊನ್ನೆ ಗುಂಡ್ಲುಪೇಟೆಯಲ್ಲಿ ಪಶು ಆಹಾರದ ಅಂಗಡಿಯೊಂದರ ಮುಂದೆ ಚೀಲವೊಂದು ಮಳೆಗೆ ತೊಯ್ದು ಕೂತಿತ್ತು. ಬಸ್ಸಿಗೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ಹಂಗಳದಲ್ಲಿದ್ದ ನಮ್ಮ ಆ ಮನೆ ಈಗಿಲ್ಲ. ಅಪ್ಪ ಅವ್ವ ಹೋದ ಮೇಲೆ ಮಾರಿದೆವು. ಕೊಂಡವರು ಅದನ್ನು ಕೆಡವಿ, ಕಾಡು ನೋಡಲು ಬರುವವರಿಗೆ ರೂಮು ಕಟ್ಟಿಸಿದ್ದಾರೆ. ಆ ವಾಸನೆ ಬಂದಾಗ ಪಕ್ಕಕ್ಕೆ ತಿರುಗಿ 'ನಿನಗೂ ನೆನಪಾಯಿತೇ' ಎಂದು ಕೇಳಲು ನನ್ನ ಜೊತೆ ಯಾರೂ ಇರಲಿಲ್ಲ.

ಹಿಂಡಿ ನೆನೆಸುತ್ತಿದ್ದವಳು ಪುಟ್ಟತ್ತೆ, ಅಪ್ಪನ ತಂಗಿ. ಕುದೇರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಎರಡು ಸೀಮೆಹಸುಗಳನ್ನು ನೋಡಿಕೊಳ್ಳುತ್ತಿದ್ದಳು. ರಾಜಿ ದೊಡ್ಡದು, ಜೋರಿನದು. ಚುಕ್ಕಿ ಅಂಜುಬುರುಕಿ. ಎರಡಕ್ಕೂ ಇದ್ದದ್ದು ಒಂದೇ ಕಲ್ಲಿನ ಬಾನಿ. ರಾಜಿ ಅದಕ್ಕೆ ಮೂತಿ ಇಟ್ಟರೆ ಚುಕ್ಕಿ ಹಿಂದೆ ಸರಿದು ಗೋಡೆ ನೋಡುತ್ತಾ ನಿಲ್ಲುತ್ತಿತ್ತು. ಆದ್ದರಿಂದ ಅತ್ತೆ ಎಲ್ಲವನ್ನೂ ಒಮ್ಮೆಗೇ ಸುರಿಯುತ್ತಿರಲಿಲ್ಲ. ಬೆಳಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಬಿಸಿಲು ಇಳಿದ ಮೇಲೆ ಒಂದಿಷ್ಟು. ಮತ್ತೆ ಸಿಗುತ್ತದೆಂದು ಗೊತ್ತಿದ್ದ ರಾಜಿಗೆ ಹಠವಿರಲಿಲ್ಲ, ಸ್ವಲ್ಪ ತಿಂದು ಮಲಗಿ ಮೆಲುಕು ಹಾಕುತ್ತಿತ್ತು. ಆಗ ಚುಕ್ಕಿ ಮೆಲ್ಲಗೆ ಮುಂದೆ ಬರುತ್ತಿತ್ತು. ಅದು ನೆಕ್ಕಿ ಮುಗಿಸುವವರೆಗೂ ಅತ್ತೆ ಬಾನಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು.

ಅಪ್ಪ ಚೆಂಡುಹೂ ಹಾಕಿದ ವರ್ಷ ಹೂ ಕೀಳಲು ಅತ್ತೆಯೂ ಹೊಲಕ್ಕೆ ಬೇಕಾದಳು. ಹಸುಗಳಿಗೆ ಇನ್ನು ಎರಡೇ ಹೊತ್ತು ಎಂದಾಯಿತು: ಹೊರಡುವ ಮುಂಚೆ, ಬಂದ ಮೇಲೆ.

"ಮಧ್ಯಾಹ್ನ ಒಂದ್ಗಳಿಗೆ ಬಂದು ಆಕ್ಬುಟ್ಟು ಬತ್ತಿನಿ ಕಣಣ್ಣ" ಎಂದಳು ಅತ್ತೆ.

"ಅಸ ಏನ್ ನೆಂಟ್ರಾ, ಒತ್ತೊತ್ತಿಗೂ ಎಲೆ ಆಕಕೆ?" ಅಪ್ಪ ನಕ್ಕ.

"ನೆಂಟ್ರಾದ್ರೆ ಕೇಳಿ ಉಣ್ತರೆ. ಇದು ಕೇಳಕಿಲ್ಲ."

"ಅಸಿನ ನೆಪದಲ್ಲಿ ನೆಳ್ಳಿಗೆ ಬರ ಯೋಚ್ನೆ ಬುಡು" ಎಂದಳು ಅವ್ವ. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ.

ದಿನವೆಲ್ಲ ಹಸಿದಿದ್ದ ರಾಜಿ ಸಂಜೆ ಬಾನಿಗೆ ಬಿದ್ದರೆ ಚುಕ್ಕಿಯನ್ನು ಹತ್ತಿರ ಬಿಡುತ್ತಿರಲಿಲ್ಲ, ಕೊಂಬಿನಿಂದ ಪಕ್ಕೆಗೆ ಹಾಯುತ್ತಿತ್ತು. ಚುಕ್ಕಿ ತನ್ನನ್ನು ಕಟ್ಟಿದ ಕಂಬವನ್ನೇ ನೆಕ್ಕತೊಡಗಿತು. ಅದರ ಹಾಲು ಕಡಿಮೆಯಾಯಿತು. ಮಧ್ಯಾಹ್ನವಾದರೆ ಹೊಲದಲ್ಲಿ ಅತ್ತೆ ಬೆನ್ನು ನೆಟ್ಟಗೆ ಮಾಡಿ ಊರ ಕಡೆ ನೋಡುತ್ತಿದ್ದಳು. "ಈಗ ಅದು ಬಾಗ್ಲ ನೋಡ್ಕಂಡು ನಿಂತಿರ್ತದೆ ಕಣಮ್ಮಿ" ಎನ್ನುತ್ತಿದ್ದಳು ನನಗೆ. ಪುಣಜನೂರು ಕಡೆಯ ದನದ ವ್ಯಾಪಾರಿ ಬಂದು ಚುಕ್ಕಿಯನ್ನು ನೋಡಿ ಹೋದ ದಿನ ಅವಳು ಅಪ್ಪನನ್ನು ಕೇಳಿದ್ದು ಒಂದೇ: "ಬ್ಯಾರೆ ಕಟ್ಟಿ ನೋಡನ, ಒಂದ್ ವಾರ." ಅಪ್ಪ ಬೇಡವೆನ್ನಲಿಲ್ಲ, ಹೂ ಮುಗಿಯಲಿ ಎಂದ. ಹೂ ಮುಗಿಯುವ ಮುಂಚೆಯೇ ಚುಕ್ಕಿ ಆ ವ್ಯಾಪಾರಿಯ ಹಿಂದೆ ಹೋಯಿತು. ಮರುದಿನ ಮಧ್ಯಾಹ್ನ ಅತ್ತೆ ಹೊಲದಲ್ಲಿ ತಲೆ ಎತ್ತಲಿಲ್ಲ.

ಅವಳೀಗ ಚಾಮರಾಜನಗರದಲ್ಲಿ, ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಆ ಕಾಲದವರೆಂದು ನನಗೆ ಉಳಿದಿರುವವರಲ್ಲಿ ಮಾತಾಡಿಸಬಹುದಾದವಳು ಅವಳೊಬ್ಬಳೇ. ಇದನ್ನೆಲ್ಲ ಬರೆಯುವಾಗ ಒಂದು ಸಂಗತಿ ಗಮನಿಸಿದೆ. ಅಪ್ಪನ ತಟ್ಟೆ, ನಮ್ಮ ತಟ್ಟೆ, ಅವ್ವ ಒಲೆಯ ಮುಂದೆ ಕೂತು ಉಣ್ಣುವುದು, ಎಲ್ಲವೂ ಕಣ್ಣಿಗೆ ಕಟ್ಟಿದೆ. ರಾಜಿ ಎಷ್ಟು ಹೊತ್ತಿಗೆ ತಿನ್ನುತ್ತಿತ್ತು, ಚುಕ್ಕಿ ಎಷ್ಟು ಹೊತ್ತಿಗೆ, ಅದೂ ಗೊತ್ತು. ಪುಟ್ಟತ್ತೆಯ ಕೈಯಲ್ಲಿ ಮಾತ್ರ ಎಲ್ಲಿಯೂ ತಟ್ಟೆ ಕಾಣುವುದಿಲ್ಲ. ಇದು ನನ್ನ ನೆನಪಿನ ದೋಷವೋ, ಇದ್ದದ್ದೇ ಹಾಗೋ ತಿಳಿಯದೆ, ಕಳೆದ ಭಾನುವಾರ ಅವಳನ್ನೇ ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಸುಲಿಯುತ್ತಲೇ ಇದ್ದಳು. ನಾನು ಕೇಳಿದ್ದು ಇಷ್ಟೇ: "ಅತ್ತೆ, ಆ ಮನೆಯಲ್ಲಿ ನೀನು ಯಾವೊತ್ತಲ್ಲಿ ಉಣ್ತಿದ್ದೆ?"