ದೊರೆಸ್ವಾಮಿಯವರ ಹೊರಬೀಗ

ಚಾಮರಾಜಪೇಟೆಯ ಆ ವಠಾರದಲ್ಲಿ ದೊರೆಸ್ವಾಮಿಯವರಿಗೆ ‘ಲಾಯರ್ ಮಾಮ’ ಎಂದೇ ಹೆಸರು. ಲಾ ಓದಿದವರಲ್ಲ, ಬಹಳ ಕಾಲ ವಕೀಲರೊಬ್ಬರ ಬ್ಯಾಗು ಹೊತ್ತವರು. ಹೊತ್ತದ್ದು ತಲೆಗೂ ಏರಿದೆಯೆಂದು ಅವರ ನಂಬಿಕೆ. ನಿವೃತ್ತಿಯ ಮೇಲೆ ಜಗುಲಿಯೇ ಕೋರ್ಟಾಯಿತು. ಒಣಹಾಕಿದ ಸೀರೆಯಿಂದ ನೀರು ತೊಟ್ಟಿಕ್ಕಿದರೂ ಅದಕ್ಕೊಂದು ಸೆಕ್ಷನ್ನು.

ಈ ಸಲದ ಆರೋಪಿ ಎದುರುಮನೆಯ ನಂದಿತಾ. ಗಂಡ ಊರೂರು ತಿರುಗುವ ಕೆಲಸದವನು. ಈಕೆಗೆ ಗಾಂಧಿನಗರದಲ್ಲಿ ಆಫೀಸು. ಹತ್ತು ವರ್ಷದ ಮಗಳು ರಕ್ಷಿತಾ ಶಾಲೆಯಿಂದ ಬಂದು, ಅಮ್ಮ ಬರುವವರೆಗೆ ಗಂಟೆಹೊತ್ತು ಒಬ್ಬಳೇ ಇರುತ್ತಾಳೆ.

“ಇದು ನೆಗ್ಲಿಜೆನ್ಸ್ ಕಣಮ್ಮ! ಮಕ್ಕಳ ಸಹಾಯವಾಣಿಗೆ ಒಂದು ಫೋನ್ ಮಾಡಿದ್ರೆ ಮಗೂನ ಕರ್ಕೊಂಡ್ಹೋಗ್ತಾರೆ, ಗೊತ್ತಾ? ಏಕಾದಶಿ ಕಳೀಲಿ, ಮಾಡೇ ಮಾಡ್ತೀನಿ.”

“ಕೆಲಸ ಬಿಟ್ರೆ ಊಟಕ್ಕೇನ್ ಮಾಡ್ಲಿ ಸರ್?”

“ಕಾನೂನಿಗೆ ಹೊಟ್ಟೆ ಇಲ್ಲಮ್ಮ.” ಮಾತು ತಮಗೇ ಹಿಡಿಸಿ, ಇನ್ನೊಮ್ಮೆ ಹೇಳಿದರು.

ಇಂತಿಷ್ಟು ವಯಸ್ಸಿನವರೆಗೆ ಮಕ್ಕಳನ್ನು ಒಂಟಿಯಾಗಿ ಬಿಡಬಾರದೆಂದು ನಮ್ಮ ಕಾಯ್ದೆ ಹೇಳಿಲ್ಲ. ಬೇಕೆಂದೇ ನಿರ್ಲಕ್ಷಿಸಿ ನರಳಿಸಿದರೆ ಶಿಕ್ಷೆ ಎನ್ನುತ್ತದೆ. ಅಷ್ಟು ದೂರ ಓದುವ ಚಟ ದೊರೆಸ್ವಾಮಿಯವರಿಗಿರಲಿಲ್ಲ. ಮಗಳನ್ನು ಕರೆದೊಯ್ದುಬಿಡುತ್ತಾರೇನೋ ಎಂದು ನಂದಿತಾಗೆ ನಿದ್ದೆಯಿಲ್ಲ.

ವೈಕುಂಠ ಏಕಾದಶಿಯ ಬೆಳಿಗ್ಗೆ ದೊರೆಸ್ವಾಮಿ ಹೆಂಡತಿ ಆಂಡಾಳ್ ಜೊತೆ ದೇವಸ್ಥಾನಕ್ಕೆ ಹೊರಟರು. ನಾಲ್ಕು ದಿನ ಇರಲೆಂದು ಬಂದಿದ್ದ ಐದು ವರ್ಷದ ಮೊಮ್ಮಗ ವಂಶಿ ಮಲಗಿದ್ದ.

“ಎಬ್ಬಿಸಿದ್ರೆ ರಗಳೆ. ಹೊರಗಿಂದ ಬೀಗ ಹಾಕಿದೀನಿ, ಭದ್ರವಾಗಿದೆ. ನಡಿ.”

ದೇವರೆದುರು ಫೋನು ಕೂಡದೆಂದು ಅದನ್ನೂ ಒಳಗೇ ಬಿಟ್ಟಿದ್ದರು. ಹೀಗೆ ವೈಕುಂಠದ ಬಾಗಿಲು ದಾಟುವ ಆತುರದಲ್ಲಿ ಸ್ವಂತ ಬಾಗಿಲು ಜಡಿದು ಹೋದವರು, ಉದ್ದದ ಕ್ಯೂ ಮುಗಿಸಿ, ಲಾಡು ಹಿಡಿದು ಬಂದಾಗ ಇಡೀ ವಠಾರ ಅವರ ಕಿಟಕಿಗೆ ಮುತ್ತಿತ್ತು. ಸ್ಟೂಲಿನ ಮೇಲೆ ನಿಂತ ನಂದಿತಾ ಸರಳೊಳಗೆ ಕೈ ಇಳಿಬಿಟ್ಟು ಕಥೆ ಹೇಳುತ್ತಿದ್ದಳು. ಅತ್ತು ಅತ್ತು ಗಂಟಲು ಕಟ್ಟಿದ ವಂಶಿ ಅವಳ ಹೆಬ್ಬೆರಳು ಬಿಟ್ಟಿರಲಿಲ್ಲ.

“ಬನ್ನಿ ಲಾಯರ್ ಮಾಮ,” ಮೂಲೆಮನೆಯ ಮುನಿಯಕ್ಕ ಸ್ವಾಗತಿಸಿದಳು, “ಫೋನ್ ನೀವ್ ಮಾಡ್ತೀರೋ, ನಾವೇ ಮಾಡಾಣ್ವೋ?”

“ಅದೇ ಬೇರೆ, ಇದೇ ಬೇರೆ! ನಾನು ಬೀಗ ಹಾಕಿದ್ದೆ!”

“ಅದೇ ಸರ್,” ನಂದಿತಾ ಇಳಿಯಲಿಲ್ಲ. “ಏನಾದ್ರೂ ಆದ್ರೆ ನನ್ ಮಗಳು ಬಾಗ್ಲು ತೆಗ್ದು ನಿಮ್ಮನೆಗೇ ಓಡ್ಬರ್ತಾಳೆ. ಬೆಂಕಿ ಗಿಂಕಿ ಹತ್ಕೊಂಡಿದ್ರೆ ಇವ್ನು ಎಲ್ಲಿಗೆ ಓಡ್ಬೇಕಿತ್ತು?”

ಕಾಯ್ದೆ ಬಲ್ಲವರಿಗೆ ಮಗು ಕಾಯುವುದು ಬಾರದು ಎಂಬುದಕ್ಕೆ ವಠಾರವೇ ಸಾಕ್ಷಿಯಾಗಿತ್ತು. ಆಂಡಾಳ್ ಬೀಗ ತೆಗೆದು ಮಗುವನ್ನು ಎತ್ತಿಕೊಂಡರು. ಒಳಗಿಂದ ಇನ್ನೊಂದು ಕೀ ತಂದು ನಂದಿತಾಳ ಕೈಗಿಟ್ಟರು.

“ಇದು ನಿನ್ ಹತ್ರ ಇರ್ಲಿ. ನಾಳೆಯಿಂದ ರಕ್ಷಿತಾ ಸ್ಕೂಲಿಂದ ನಮ್ಮನೆಗೇ ಬರ್ಲಿ. ಇವ್ರ ಮಾತಿಗೆ ಹೆದರ್ಬೇಡ, ಎಲ್ಲಿಗೂ ಫೋನ್ ಹೋಗಲ್ಲ.”

ಸಂಜೆ ಜಗುಲಿಯಲ್ಲಿ ಕೂತ ದೊರೆಸ್ವಾಮಿ, ಈ ಏರ್ಪಾಟು ಕಾನೂನು ಪ್ರಕಾರ ತಾವೇ ಮಾಡಿಸಿದ್ದೆಂದು ಹಾಲಿನವನಿಗೆ ವಿವರಿಸತೊಡಗಿದರು. ಹಾಲಿನವನು ಗಾಡಿ ಆಫ್ ಮಾಡಲಿಲ್ಲ.